ಹೊಸ ಮೇಷ್ಟ್ರನ್ನು ಒಂಟಿಯಾಗಿ ಬಿಡಬೇಡಿ

ಮೇಡಂ, ನಿಮ್ಮ ಶಾಲೆಗೆ ಬಂದ ಹೊಸ ಮೇಷ್ಟ್ರು ನಲಿ-ಕಲಿ ಕೋಣೆಯಿಂದ ದಿನಾ ಮುಖ ಬಾಡಿಸಿಕೊಂಡು ಬರುತ್ತಾರೆ ಎಂದು ಬರೆದಿದ್ದೀರಿ. ನೀವದನ್ನು ಗಮನಿಸಿದ್ದೇ ದೊಡ್ಡದು. ನನ್ನ ಮೊದಲ ವರ್ಷ ಯಾರೂ ಗಮನಿಸಲಿಲ್ಲ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕಲಿಕಾ ಏಣಿಯ ಒಂದೊಂದು ಮೆಟ್ಟಿಲಲ್ಲಿ ಒಬ್ಬೊಬ್ಬರು. ತರಬೇತಿ ಕಾಲೇಜಿನಲ್ಲಿ ಬರೆದ ಪಾಠಯೋಜನೆ ಇಲ್ಲಿ ಕೈಕೊಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ನಲಿ-ಕಲಿ ಪದ್ಧತಿ ಶುರುವಾದಾಗ ಶಿಕ್ಷಕರೇ ಒಟ್ಟಿಗೆ ಕೂತು ಕಲಿಕಾ ಕಾರ್ಡುಗಳನ್ನು ರೂಪಿಸಿದ್ದರು. ಹಾಗಿರುವಾಗ ಒಬ್ಬರೇ ಹೇಗೆ ಕಲಿತಾರು?

ವಾರಕ್ಕೊಂದು ಅವಧಿ ಅವರ ಕೋಣೆಯಲ್ಲಿ, ಮಕ್ಕಳ ಜೊತೆ ನೆಲದ ಮೇಲೆ ಕೂತುಕೊಳ್ಳಿ. ಕೈಯಲ್ಲಿ ಪುಸ್ತಕ, ಪೆನ್ನು ಬೇಡ. ಮೇಷ್ಟ್ರು ಒಂದು ತಟ್ಟೆಯ, ಅಂದರೆ ಗುಂಪಿನ, ಮಕ್ಕಳಿಗೆ ಕಲಿಸುವಾಗ ಸ್ವಕಲಿಕೆಯ ತಟ್ಟೆಯವರು ಏನು ಮಾಡುತ್ತಾರೆ ಎಂಬುದನ್ನಷ್ಟೇ ನೋಡಿ. ಸಾಮಾನ್ಯವಾಗಿ ಗದ್ದಲ ಹುಟ್ಟುವುದು ಅಲ್ಲೇ. ಕಾರ್ಡು ಮುಗಿಸಿದ ಮಗು ಮುಂದಿನದು ಯಾವುದೆಂದು ತಿಳಿಯದೆ ಪಕ್ಕದವಳ ಸ್ಲೇಟು ಎಳೆಯುತ್ತದೆ. ಸಂಜೆ ಚಹಾ ಕುಡಿಯುವಾಗ ಅದೊಂದನ್ನೇ ಮಾತಾಡಿ. ಮರುವಾರ ನಿಮ್ಮ ಪಾಠಕ್ಕೆ ಅವರನ್ನು ಕರೆಯಿರಿ. ನೀವು ಎಡವುವುದನ್ನೂ ಅವರು ನೋಡಲಿ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಬೇಕೆನ್ನುತ್ತದೆ. ತರಬೇತಿಗೆ ಖಂಡಿತ ಕಳಿಸಿ. ಬಂದಮೇಲೆ, ಕಲಿತದ್ದರಲ್ಲಿ ಯಾವುದನ್ನು ನಾಳೆ ಮಾಡುತ್ತೀರಿ ಎಂದು ಕೇಳಿ. ಕ್ಲಸ್ಟರ್‌ನ ಸಮಾಲೋಚನಾ ಸಭೆಯಲ್ಲಿ ನಲಿ-ಕಲಿಯಲ್ಲಿ ಪಳಗಿದ ಇನ್ನೊಬ್ಬರ ಪರಿಚಯ ಮಾಡಿಸಿ; ನಿಮ್ಮಂಥ ಮುಖ್ಯ ಶಿಕ್ಷಕರ ಮುಂದೆ ಆಡಲಾಗದ ಮಾತುಗಳೂ ಇರುತ್ತವೆ.

ಇನ್ನೊಂದು ಮಾತು, ಕಡ್ಡಿ ಮುರಿದಂತೆ ಹೇಳುತ್ತೇನೆ: ಕಿರಿಯರು, ಕಂಪ್ಯೂಟರ್ ಬರುತ್ತದೆ ಎಂದು ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸವನ್ನೆಲ್ಲ ಈ ವರ್ಷ ಅವರ ತಲೆಗೆ ಕಟ್ಟಬೇಡಿ.