ಏಳು ವರ್ಷದ ಲೆಕ್ಕ

ಮಗಳ ಶಾಲೆಗೆ ಎಷ್ಟು ದೂರ ಅಂತ ನಾನು ಅಳೆದದ್ದು ಒಂದು ಭಾನುವಾರ ಬೆಳಿಗ್ಗೆ. ಸೋಲದೇವನಹಳ್ಳಿಯ ಮನೆಯಿಂದ ಹೊರಟು ಚಿಕ್ಕಬಾಣಾವರ, ಅಬ್ಬಿಗೆರೆ, ಎಂ.ಎಸ್. ಪಾಳ್ಯ ದಾಟಿ ಯಲಹಂಕದ ಆಚೆಗೆ ಮುಟ್ಟಲು ನಲವತ್ತು ನಿಮಿಷ ಹಿಡಿಯಿತು. 'ಇಷ್ಟೇನಾ!' ಅಂದುಕೊಂಡು ದಾರಿಯಲ್ಲಿ ಇಡ್ಲಿ-ವಡೆ ತಿಂದು ಖುಷಿಯಾಗಿ ವಾಪಸ್ ಬಂದೆವು. ಆಮೇಲೆ ಮೂರು ವರ್ಷ ನನ್ನ ಮಗಳು ಅದೇ ದಾರಿಯಲ್ಲಿ ಹೋಗುವಾಗ ಒಂದೂಕಾಲು ಗಂಟೆ, ಬರುವಾಗ ಒಂದೂವರೆ ಗಂಟೆ ಶಾಲೆಯ ಬಸ್ಸಿನಲ್ಲಿ ಕೂತಳು. ಬೆಂಗಳೂರಿನ ರಸ್ತೆಯನ್ನು ಭಾನುವಾರ ಅಳೆಯಬಾರದು ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಮಸ್ಕತ್ತಿನಿಂದ ಬಂದಿಳಿದ ನನಗೆ ಗೊತ್ತಿರಲಿಲ್ಲ.

ನಮ್ಮೂರು ಹಾಸನದ ಕಡೆ. ಮಗಳು ಅಲ್ಲಿ ಎರಡನೇ ಕ್ಲಾಸು ಮುಗಿಸಿದ ಮೇಲೆ, 2017ರಲ್ಲಿ, ನನಗೆ ಒಮಾನಿನಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೋದೆವು. ಅಲ್ಲಿ ಅವಳು ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಸೇರಿದಳು. 2022ರ ಬೇಸಿಗೆಯಲ್ಲಿ ಕಾಂಟ್ರ್ಯಾಕ್ಟ್ ಮುಗಿಯಿತು. ಹೆಸರಘಟ್ಟ ರಸ್ತೆಯ ಕಡೆ ಹಿಂದೆ ಯಾವಾಗಲೋ ಕೊಂಡಿದ್ದ ಸೈಟಿನಲ್ಲಿ ಮನೆ ಎದ್ದಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರ ಜೊತೆಗೆ ಎಂಟನೇ ಕ್ಲಾಸಿಗೆ ಶಾಲೆ ಹುಡುಕಿ ನೋಡು ಅಂತಲೂ ಸೇರಿಸಬೇಕು. ಐದು ವರ್ಷ ಬೇರೆ ರೀತಿಯಲ್ಲಿ ಕಲಿತ ಹುಡುಗಿ ಇದ್ದಕ್ಕಿದ್ದಂತೆ ನಮ್ಮ ಪಠ್ಯಕ್ಕೆ ಹಾರಿದರೆ ಮುಗ್ಗರಿಸುತ್ತಾಳೆ ಅನ್ನುವ ಭಯ ನನ್ನ ಹೆಂಡತಿಗೆ. ಹಾಗಾಗಿ ಇಂಟರ್‌ನ್ಯಾಷನಲ್ ಶಾಲೆಯೇ ಆಗಬೇಕು ಅಂತ ತೀರ್ಮಾನವಾಯಿತು.

'ಉತ್ತರ ಬೆಂಗಳೂರು' ಅನ್ನುವ ಹೆಸರೇ ನಮ್ಮನ್ನು ಮೊದಲು ಮೋಸ ಮಾಡಿದ್ದು. ಉತ್ತರ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಶಾಲೆಗಳಿಗೆ ಬರವಿಲ್ಲ ಅಂತ ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಯಲಹಂಕದ ಮಲ್ಯ ಅದಿತಿ ಶಾಲೆ 1984ರದು, ಕೆನೇಡಿಯನ್ ಇಂಟರ್‌ನ್ಯಾಷನಲ್ ಶುರುವಾದದ್ದು 1996ರಲ್ಲಿ, ತರಹುಣಸೆಯ ಸ್ಟೋನ್‌ಹಿಲ್ 2008ರಲ್ಲಿ. (ನಾನು ಮುಂದೆ ಹೇಳುವ ಶಾಲೆ ಇವುಗಳಲ್ಲಿ ಯಾವುದೂ ಅಲ್ಲ.) ಸ್ಟೋನ್‌ಹಿಲ್ ಬಂದ ವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣವೂ ತೆರೆಯಿತು. ಆಮೇಲೆ ಕಂಪನಿ, ಅಪಾರ್ಟ್‌ಮೆಂಟು, ಶಾಲೆ ಎಲ್ಲವೂ ಹೆಬ್ಬಾಳದಿಂದ ಬಳ್ಳಾರಿ ರಸ್ತೆಯ ಉದ್ದಕ್ಕೂ ಬೆಳೆದುಕೊಂಡು ಹೋದವು. ಸೋಲದೇವನಹಳ್ಳಿ ಇರುವುದು ತುಮಕೂರು ರಸ್ತೆಯ ಮಗ್ಗುಲಲ್ಲಿ, ದಾಸರಹಳ್ಳಿ, ಪೀಣ್ಯದ ಕಡೆ. ಬೆಂಗಳೂರಿನ ದೊಡ್ಡ ರಸ್ತೆಗಳೆಲ್ಲ ಊರ ನಡುವಿನಿಂದ ಗಾಡಿ ಚಕ್ರದ ಕಡ್ಡಿಗಳಂತೆ ಹೊರಕ್ಕೆ ಹೋಗಿವೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಅಡ್ಡ ಹಾಯಬೇಕಾದರೆ ಓಣಿಯಂಥ ಹಳ್ಳಿ ರಸ್ತೆಗಳೇ ಗತಿ. ಸೋಲದೇವನಹಳ್ಳಿಗೆ ರೈಲ್ವೆ ಸ್ಟೇಷನ್ ಇದೆ, ಆದರೆ ಆ ಹಳಿ ಯಶವಂತಪುರಕ್ಕೆ ಹೋಗುತ್ತದೆ, ಯಲಹಂಕಕ್ಕಲ್ಲ. ಚಿಕ್ಕಬಾಣಾವರದಿಂದ ಹೆಬ್ಬಾಳದ ಮೇಲೆ ಬೈಯಪ್ಪನಹಳ್ಳಿಗೆ ಹೋಗುವ ಸಬರ್ಬನ್ ರೈಲಿನ ಕೆಲಸ ಇನ್ನೂ ಮುಗಿದಿಲ್ಲ. ವಿಳಾಸದಲ್ಲಿ 'ಉತ್ತರ' ಅಂತ ಇದ್ದರೆ ಸಾಲದು, ಯಾವ ರಸ್ತೆಯ ಉತ್ತರ ಅಂತ ಕೇಳಬೇಕಿತ್ತು.

ಇಂಟರ್‌ನ್ಯಾಷನಲ್ ಅನ್ನುವ ಪದದ ವಿಷಯ. ಅದು ಬೋರ್ಡಿನ ಮೇಲೆ ಬರೆಸಿಕೊಳ್ಳುವ ಪದ, ಅಷ್ಟೆ. ಹೆಸರಿನಲ್ಲಿ ಅದನ್ನಿಟ್ಟುಕೊಂಡ ಎಷ್ಟೋ ಶಾಲೆಗಳಲ್ಲಿ ನಡೆಯುವುದು ಸಿಬಿಎಸ್‌ಇಯೋ ಐಸಿಎಸ್‌ಇಯೋ. ಅದರಲ್ಲಿ ತಪ್ಪೇನಿಲ್ಲ, ಆದರೆ ನಮಗೆ ಬೇಕಿದ್ದದ್ದು ಅದಲ್ಲವಲ್ಲ. ಕೇಂಬ್ರಿಜ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್) ಅಂದರೆ ಆಯಾ ಸಂಸ್ಥೆಯಿಂದ ಮಾನ್ಯತೆ ಇರಬೇಕು. ಐಬಿಯಲ್ಲಿ 'ಕ್ಯಾಂಡಿಡೇಟ್ ಸ್ಕೂಲ್' ಅಂದರೆ ಅರ್ಜಿ ಹಾಕಿ ಕಾಯುತ್ತಿರುವ ಶಾಲೆ, ಮಾನ್ಯತೆ ಇನ್ನೂ ಸಿಕ್ಕಿಲ್ಲ ಅಂತ. ಚಿಕ್ಕ ಮಕ್ಕಳ ಹಂತಕ್ಕೆ ಮಾನ್ಯತೆ ಪಡೆದ ಶಾಲೆಗೆ ಹನ್ನೊಂದು-ಹನ್ನೆರಡರ ಡಿಪ್ಲೊಮಾಕ್ಕೆ ಅದು ತಾನಾಗಿ ಬರುವುದಿಲ್ಲ, ಬೇರೆಯೇ ಪಡೆಯಬೇಕು. ನಾವು ನೋಡಿದ ಒಂದು ಕಡೆ ಈ ವ್ಯತ್ಯಾಸ ಕೇಳಿದಾಗ 'ಪ್ರಾಸೆಸ್‌ನಲ್ಲಿದೆ ಸಾರ್' ಅಂದರು. ನಮ್ಮ ಕಡೆ ಸರ್ಕಾರಿ ಕಚೇರಿಗಳಲ್ಲೂ ಫೈಲು ಪ್ರಾಸೆಸ್‌ನಲ್ಲೇ ಇರುತ್ತದೆ. ಎದ್ದು ಬಂದೆವು.

ಅಂದಹಾಗೆ, ನಿಜವಾದ ಅಂತಾರಾಷ್ಟ್ರೀಯತೆ ನೋಡಬೇಕಾದರೆ ಸಂಜೆ ಹೊತ್ತು ನಮ್ಮ ಸೋಲದೇವನಹಳ್ಳಿಯ ಟೀ ಅಂಗಡಿಗೆ ಬನ್ನಿ. ಇಲ್ಲಿನ ಆಚಾರ್ಯ ಕಾಲೇಜುಗಳಿಗೆ ಓದಲು ಬಂದ ಆಫ್ರಿಕದ ಹುಡುಗರು, ನೇಪಾಳದವರು, ಈಶಾನ್ಯದ ಹುಡುಗಿಯರು ಅಂಗಡಿಯವನ ಹತ್ತಿರ 'ಒಂದ್ ಟೀ, ಸಕ್ಕರೆ ಕಮ್ಮಿ' ಅಂತ ಕನ್ನಡದಲ್ಲೇ ಹೇಳುತ್ತಾರೆ. ಲಕ್ಷಗಟ್ಟಲೆ ಕೊಟ್ಟು ನಾವು ಸೇರಿಸಿದ ಶಾಲೆಯ ಕ್ಲಾಸಿನಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ನಮ್ಮಂಥವರ ಮಕ್ಕಳೇ.

ಆ ಶಾಲೆಗೆ ಮೊದಲ ಸಲ ಹೋದಾಗ ಅಡ್ಮಿಷನ್ ನೋಡಿಕೊಳ್ಳುವ ಹೆಣ್ಣುಮಗಳು ನಮಗೆ ಈಜುಕೊಳ, ನಾಟಕದ ಸಭಾಂಗಣ, ರೊಬಾಟಿಕ್ಸ್ ಕೋಣೆ ಎಲ್ಲ ತೋರಿಸಿದರು. ನಾನು ಕೇಳಿದ ಪ್ರಶ್ನೆಗಳನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಊಟಕ್ಕೆ ವೆಜ್ ಬೇರೆ ಮಾಡುತ್ತೀರಾ? ಬಸ್ಸಿನಲ್ಲಿ ಕ್ಯಾಮೆರಾ ಇದೆಯಾ? ಫೀಸನ್ನು ಎಷ್ಟು ಕಂತಿನಲ್ಲಿ ಕಟ್ಟಬಹುದು? ಕೇಳಬೇಕಿದ್ದದ್ದು ಬೇರೆ: ಒಂಬತ್ತನೆಯಲ್ಲಿ ಯಾವ ಯಾವ ವಿಷಯ ಕೊಡುತ್ತೀರಿ, ಹತ್ತು ಆದ ಮೇಲೆ ಏನಿದೆ, ಕಳೆದ ವರ್ಷ ಎಷ್ಟು ಜನ ಮೇಷ್ಟ್ರು ಬಿಟ್ಟು ಹೋದರು. ಕೊನೆಯ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವ ಅಪ್ಪ-ಅಮ್ಮಂದಿರ ಗುಂಪಿನಲ್ಲಿ ಎರಡು ದಿನ ನಿಂತರೆ ತಾನಾಗಿಯೇ ಸಿಗುತ್ತದೆ. ಅದು ನನಗೆ ಗೊತ್ತಾಗಿದ್ದು ಫೀಸು ಕಟ್ಟಿದ ಮೇಲೆ. ವಾಪಸ್ ಬಾರದ ಪ್ರವೇಶ ಶುಲ್ಕವೂ ಅದರಲ್ಲಿತ್ತು.

ಒಂಬತ್ತಕ್ಕೆ ಬರುವ ಹೊತ್ತಿಗೆ ಮಗಳು ಡಾಕ್ಟರ್ ಆಗುತ್ತೇನೆ ಅನ್ನತೊಡಗಿದಳು. ಹತ್ತರ ತನಕ ಕೇಂಬ್ರಿಜ್‌ನ ಐಜಿಸಿಎಸ್‌ಇ, ಆಮೇಲೆ ಐಬಿ ಡಿಪ್ಲೊಮಾ. ಆ ಶಾಲೆಯ ಏರ್ಪಾಡು ಅದು. ಡಿಪ್ಲೊಮಾದಲ್ಲಿ ಆರು ಗುಂಪುಗಳಿಂದ ಆರು ವಿಷಯ, ಒಟ್ಟು 45 ಅಂಕ. ಕೇಳಲು ಚೆಂದವಾಗಿಯೇ ಇದೆ. ಆದರೆ ಅದರಲ್ಲಿ ವಿಜ್ಞಾನಕ್ಕೆ ಒಂದು ಗುಂಪು. ಕಲೆಯ ಗುಂಪಿನ ಬದಲಿಗೆ ಇನ್ನೊಂದು ವಿಜ್ಞಾನ ತೆಗೆದುಕೊಂಡರೂ ಮಾಮೂಲಿ ದಾರಿಯಲ್ಲಿ ಎರಡೇ ಆಗುತ್ತದೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಮೂರನ್ನೂ ಓದಬೇಕಾದರೆ ಶಾಲೆಯ ಮೂಲಕ ಐಬಿಯಿಂದ ವಿಶೇಷ ಅನುಮತಿ ಪಡೆಯಬೇಕು. ಕೇಂಬ್ರಿಜ್‌ನ ಎ ಲೆವೆಲ್ ಇದ್ದ ಶಾಲೆಯಾಗಿದ್ದರೆ ಮೂರನ್ನೂ ನೇರವಾಗಿ ಆರಿಸಿಕೊಳ್ಳಬಹುದಿತ್ತು. ಡಿಪ್ಲೊಮಾದ ಫಲಿತಾಂಶ ಬರುವುದೂ ಜುಲೈ ಮೊದಲ ವಾರದಲ್ಲಿ, ಇಲ್ಲಿ ಕಾಲೇಜು ಸೇರುವ ಗಡಿಬಿಡಿ ನಡೆದಿರುವಾಗ. ವಿದೇಶಕ್ಕೆ ಹೋಗುವ ಮಕ್ಕಳಿಗೆ ಇದ್ಯಾವುದೂ ತೊಂದರೆಯೇ ಅಲ್ಲ. ನಾವು ವಿದೇಶದಿಂದ ವಾಪಸ್ ಬಂದವರು. ಹೋಗುವವರಿಗಾಗಿ ಕಟ್ಟಿದ ಮನೆಗೆ ಬಂದವರು ಹೊಕ್ಕಂತಾಗಿತ್ತು.

ಅದೇ ಸಮಯದಲ್ಲಿ ಬಸ್ ಸ್ಟಾಪಿನ ಗೆಳೆಯರೊಬ್ಬರು ಕೇಳಿದರು: "ಏಳು ವರ್ಷ ಆಗುತ್ತಾ ಸಾರ್ ನಿಮ್ಮ ಮಗಳಿಗೆ?"

ಏನು ಏಳು ವರ್ಷ ಅಂದೆ. ಕರ್ನಾಟಕದ ಸರ್ಕಾರಿ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಇಟ್ಟಿರುವ ಮುಖ್ಯ ಷರತ್ತು ಅದು ಅಂದರು. ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ಶೈಕ್ಷಣಿಕ ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಹತ್ತನ್ನೋ ಹನ್ನೆರಡನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ, ಸೈನ್ಯದಲ್ಲಿರುವವರ ಮಕ್ಕಳಿಗೆ ಬೇರೆ ಷರತ್ತುಗಳಿವೆ. ಆದರೆ ನಮ್ಮಂಥ ಮಾಮೂಲಿ ಜನಕ್ಕೆ ಇದೇ ಹೆಬ್ಬಾಗಿಲು. ರಾತ್ರಿ ಊಟದ ಮೇಜಿನ ಮುಂದೆ ನಾನೂ ಹೆಂಡತಿಯೂ ಬೆರಳು ಮಡಚಿ ಎಣಿಸಿದೆವು. ಹಾಸನದಲ್ಲಿ ಒಂದು, ಎರಡು. ಎಲ್‌ಕೆಜಿ, ಯುಕೆಜಿ ಲೆಕ್ಕಕ್ಕಿಲ್ಲ. ಇಲ್ಲಿ ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಸರಿಯಾಗಿ ಏಳು. 2022ರಲ್ಲಿ 'ಇನ್ನೊಂದು ವರ್ಷ ಇರಿ' ಅಂತ ಕಂಪನಿಯವರು ಕೇಳಿಕೊಂಡಿದ್ದರು. ಒಪ್ಪಿದ್ದರೆ ಆರಾಗುತ್ತಿತ್ತು. ನನ್ನ ಹೆಂಡತಿ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ಏಳು ಆಯಿತೆಂದರೆ ಮುಗಿಯಲಿಲ್ಲ, ಅದಕ್ಕೆ ಕಾಗದ ಬೇಕು. ಓದಿದ ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್, ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಹಾಸನದ ಆ ಪುಟ್ಟ ಶಾಲೆಗೆ ಹೋದೆ. ಹಳೆಯ ಹೆಡ್ ಮಿಸ್ಸು ನಿವೃತ್ತರಾಗಿದ್ದರು, ಗುಮಾಸ್ತರು ಬದಲಾಗಿದ್ದರು. ಬೀರುವಿನ ಮೇಲಿಂದ ಇಳಿಸಿದ ಹಾಜರಿ ಪುಸ್ತಕದಲ್ಲಿ 2015-16ರ ಒಂದನೇ ತರಗತಿಯ ಪಟ್ಟಿ ಸಿಕ್ಕಿತು. ಮಗಳ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಒಂದು, ಇಲ್ಲಿ ಇನ್ನೊಂದು! ಒಂದು ಅಕ್ಷರ ಸರಿಪಡಿಸಲು ಹಾಸನಕ್ಕೆ ಮೂರು ಸಲ ಓಡಾಡಿದೆ. ಇಂಟರ್‌ನ್ಯಾಷನಲ್ ಶಾಲೆಯ ಮೂರು ವರ್ಷದ ಫೀಸಿಗಿಂತ ಆ ಪುಟ್ಟ ಶಾಲೆಯ ಎರಡು ವರ್ಷದ ಹಾಜರಿಯೇ ನಮಗೆ ದೊಡ್ಡದಾಗಿ ಕಂಡಿತು.

2015-16 ಅನ್ನುವಾಗ ಇನ್ನೊಂದು ನೆನಪಾಗುತ್ತದೆ. ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂಬ ಕಾಯ್ದೆ ಬಂದದ್ದು 2015ರಲ್ಲೇ. ಮಗಳು ಆ ವರ್ಷ ಅಕ್ಷರಾಭ್ಯಾಸ ಮಾಡಿದವಳು. ಎರಡು ವರ್ಷದಲ್ಲಿ ಕಲಿತದ್ದು ಮಸ್ಕತ್ತಿನಲ್ಲಿ ಅರ್ಧ ಮರೆತುಹೋಗಿತ್ತು. ಹೊಸ ಶಾಲೆಯಲ್ಲಿ ಕನ್ನಡ ಇದೆಯಾ ಅಂತ ಕೇಳಿದಾಗ 'ಇದೆ' ಅಂದರು. ಇತ್ತು, ವಾರಕ್ಕೆ ಎರಡು ಪೀರಿಯಡ್ಡು, ಎಂಟನೇ ತರಗತಿಯ ತನಕ. ಒಂಬತ್ತರಲ್ಲಿ ಪರೀಕ್ಷೆಯ ವಿಷಯಗಳನ್ನು ಆರಿಸುವಾಗ ಅವರು ಮುಂದಿಟ್ಟದ್ದು ಫ್ರೆಂಚ್, ಸ್ಪ್ಯಾನಿಷ್, ಹಿಂದಿ. 'ಇದೆಯಾ' ಅಂತ ಕೇಳಿದವನು 'ಎಲ್ಲಿಯ ತನಕ' ಅಂತಲೂ ಕೇಳಬೇಕಿತ್ತು. ಕೊನೆಗೆ ಅವಳಿಗೆ ಒತ್ತಕ್ಷರ ತಿದ್ದಿಸಿದ್ದು ನನ್ನ ತಾಯಿ, ಬೇಸಿಗೆ ರಜೆಯಲ್ಲಿ, ಪಂಚಾಂಗ ಓದಿಸಿ.

ಶಾಲೆಯನ್ನು ಬರೀ ದೂರುತ್ತಿದ್ದೇನೆ ಅಂತ ತಿಳಿಯಬೇಡಿ. ಅಲ್ಲಿ ಅವಳು ಪ್ರಯೋಗವನ್ನು ಕೈಯಾರೆ ಮಾಡಿ, ಯಾಕೆ ತಪ್ಪಾಯಿತೆಂದು ತಾನೇ ಬರೆಯಲು ಕಲಿತಳು. ಮೇಷ್ಟರನ್ನು ಹೆದರದೆ ಪ್ರಶ್ನಿಸುವುದನ್ನು ಕಲಿತಳು (ಅಪ್ಪನನ್ನೂ!). ಹತ್ತರಲ್ಲಿ ಒಳ್ಳೆಯ ಗ್ರೇಡು ಬಂತು. ಆಮೇಲೆ ತಾನೇ ಹೇಳಿದಳು: "ಅಪ್ಪ, ಇನ್ನು ನನಗೆ ಆ ಬಸ್ಸು ಬೇಡ."

2025ರಲ್ಲಿ ಅವಳನ್ನು ಮೊದಲ ಪಿಯುಸಿಗೆ ಸೇರಿಸಿದೆವು, ಪಿಸಿಎಂಬಿ. ಶುರುವಿನ ಮೂರು ತಿಂಗಳು ಕಷ್ಟವಾಯಿತು. ಉತ್ತರವನ್ನು ವಿವರಿಸಿ ರೂಢಿಯಾದವಳಿಗೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸ ಬರಲಿಲ್ಲ. ಮೊದಲ ಟೆಸ್ಟಿನಲ್ಲಿ ಬಂದ ಅಂಕ ನೋಡಿ ಅತ್ತಳು. ಭಾಷೆಗೆ ಕನ್ನಡ ತೆಗೆದುಕೊಳ್ಳುತ್ತಾಳೇನೋ ಅಂತ ನನಗೆ ಆಸೆ ಇತ್ತು, ಅವಳು ಹಿಂದಿ ತೆಗೆದುಕೊಂಡಳು. ನಾನು ಏನೂ ಹೇಳಲಿಲ್ಲ. ಕಾಲೇಜು ಹೆಸರಘಟ್ಟ ರಸ್ತೆಯಲ್ಲೇ ಇದೆ, ಬಿಎಂಟಿಸಿ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಈಗ ಹೊರದೇಶದಿಂದ ವಾಪಸ್ ಬರುವ ಗೆಳೆಯರು ಫೋನ್ ಮಾಡಿ ಯಾವ ಶಾಲೆ ಒಳ್ಳೆಯದು ಅಂತ ಕೇಳುತ್ತಾರೆ. ಮಗು ಹನ್ನೆರಡಾದ ಮೇಲೆ ಇಲ್ಲಿರುತ್ತದೋ, ಹೊರಗೆ ಹೋಗುತ್ತದೋ ಅಂತ ನಾನು ತಿರುಗಿ ಕೇಳುತ್ತೇನೆ. ಇಲ್ಲಿರುವುದಾದರೆ ಆ ವರ್ಷದ ಕೆಇಎ ಕೈಪಿಡಿ ತೆಗೆದು ಅರ್ಹತೆಯ ಪುಟವನ್ನು ಮೊದಲು ಓದಿ, ವರ್ಷ ಎಣಿಸಿ. ಮಗು ಹಿಂದೆ ಇಲ್ಲಿ ಒಂದೇ ವರ್ಷ ಓದಿದ್ದರೂ ಸರಿ, ಆ ಶಾಲೆಗೆ ಈಗಲೇ ಹೋಗಿ ಸ್ಟಡಿ ಸರ್ಟಿಫಿಕೇಟ್ ಬರೆಸಿಕೊಳ್ಳಿ, ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ದೂರ ಅಳೆಯಲು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹೊರಡಿ.