ನಡುವಿನ ತೆನೆಗಳೇ ಏಕೆ ಹೆಚ್ಚು?

ರಾಗಿ ಕುಯ್ಲಿಗೆ ಹೊಲಕ್ಕೆ ಇಳಿದಾಗ ನಮ್ಮ ಕಣ್ಣು ಮೊದಲು ಬೀಳುವುದು ದೊಡ್ಡ ತೆನೆಯ ಮೇಲೆ. 'ಇದು ಬೀಜಕ್ಕಿರಲಿ' ಅಂತ ಮುರಿದು ತೆಗೆದಿಡುತ್ತೇವೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಮಳೆ ನಂಬಿ ಬೇಸಾಯ ಮಾಡುವ ನಾವೆಲ್ಲ ಹೀಗೆಯೇ. ನಾನೂ ಹಲವು ವರ್ಷ ತಿಪ್ಪೆ ಮಗ್ಗುಲಿನ ದೊಡ್ಡ ತೆನೆಯನ್ನೇ ಬೀಜಕ್ಕೆ ಇಟ್ಟೆ. ಮರುವರ್ಷ ಬಂದದ್ದು ಮಾಮೂಲಿ ತೆನೆಯೇ. ಏಕೆ ಹೀಗೆ?

ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಬೀಜ ಬಿತ್ತಿದ ಹೊಲದಲ್ಲಿ ಐದು ಹೆಜ್ಜೆಗೆ ಒಂದರಂತೆ 100 ತೆನೆ ಕುಯ್ಯಿರಿ. ಚೆಂದ ಕಂಡದ್ದನ್ನು ಆರಿಸಬೇಡಿ, ಕಾಲ ಹತ್ತಿರ ಸಿಕ್ಕಿದ್ದನ್ನೇ ತೆಗೆಯಿರಿ. ಉದ್ದ ಅಳೆದು, ಗಿಡ್ಡದಿಂದ ಉದ್ದದವರೆಗೆ ಸಾಲಾಗಿ ಗುಡ್ಡೆ ಹಾಕಿ. ಎರಡು ತುದಿಯಲ್ಲೂ ಕೆಲವೇ ತೆನೆ, ನಡುವಿನ ಗುಡ್ಡೆಗಳೇ ದೊಡ್ಡವು. ಇಡೀ ಸಾಲು ಗುಡಿಯ ಗಂಟೆ ಮಗುಚಿಟ್ಟ ಹಾಗೆ ಕಾಣುತ್ತದೆ. ಲೆಕ್ಕದವರು ಇದನ್ನು ನಾರ್ಮಲ್ ಡಿಸ್ಟ್ರಿಬ್ಯೂಷನ್ ಅನ್ನುತ್ತಾರೆ. ಗಂಡಸರ ಎತ್ತರ ಅಳೆದರೂ ಹೆಚ್ಚುಕಮ್ಮಿ ಇದೇ ಆಕಾರ.

ಕಾರಣ ಸರಳ. ತೆನೆಯ ಗಾತ್ರಕ್ಕೆ ಕಾರಣ ಒಂದಲ್ಲ. ಬೀಜ ಬಿದ್ದ ಆಳ, ಬುಡದ ತೇವ, ಸಿಕ್ಕ ಗೊಬ್ಬರ, ಪಕ್ಕದ ಕಳೆ, ಹೀಗೆ ನಾಲ್ಕು ಅಂತಿಟ್ಟುಕೊಳ್ಳಿ. ಒಂದೊಂದೂ ಒಳ್ಳೆಯದಾಗಬಹುದು ಅಥವಾ ಕೆಟ್ಟದ್ದಾಗಬಹುದು. ಒಟ್ಟು 16 ಬಗೆ ಆಯಿತು. ನಾಲ್ಕೂ ಒಳ್ಳೆಯದಾಗುವುದು 1 ಬಗೆಯಲ್ಲಿ, ಮೂರು ಒಳ್ಳೆಯದಾಗುವುದು 4 ಬಗೆಯಲ್ಲಿ, ಎರಡು ಒಳ್ಳೆಯದು ಎರಡು ಕೆಟ್ಟದ್ದು 6 ಬಗೆಯಲ್ಲಿ, ಒಂದೇ ಒಳ್ಳೆಯದು 4ರಲ್ಲಿ, ಎಲ್ಲವೂ ಕೆಟ್ಟದ್ದು 1ರಲ್ಲಿ. ಕಾರಣ ಹತ್ತಾದರೆ 1024 ಬಗೆ. ಅದರಲ್ಲಿ ಹತ್ತೂ ಕೂಡಿಬರುವುದು ಒಂದೇ ಒಂದು, ಸರಿಪಾಲು ಆಗುವುದು 252. ಸಣ್ಣ ಸಣ್ಣ ಕಾರಣಗಳು ಬಹಳ ಸೇರಿದಲ್ಲೆಲ್ಲ ಗಂಟೆ ಮೂಡುವುದು ಇದಕ್ಕೇ.

ಒಂದೇ ದೊಡ್ಡ ಕಾರಣ ಇದ್ದರೆ ಆಕಾರ ಕೆಡುತ್ತದೆ. ಹೊಲದ ಅರ್ಧ ಕೆಂಪು ಮಣ್ಣು, ಅರ್ಧ ಎರೆಯಾದರೆ ಎರಡು ದಿಬ್ಬ ಕಾಣಬಹುದು. ಆಗ ಆ ಕಾರಣವನ್ನು ಹುಡುಕಬೇಕು. ದಿನದ ಮಳೆಯೂ ಗಂಟೆಯಲ್ಲ. ಬಹಳ ದಿನ ಸೊನ್ನೆ, ಎಲ್ಲೋ ಒಂದೆರಡು ದಿನ ಭಾರಿ. ಅದಕ್ಕೇ ಬರೀ ಸರಾಸರಿ ಮಳೆ ನಂಬಿ ಬಿತ್ತಿದವನು ಕೆಡುತ್ತಾನೆ.

ಈಗ ಬೀಜದ ಮಾತು. ಡೆನ್ಮಾರ್ಕಿನ ಯೋಹಾನ್ಸನ್ ಅನ್ನುವ ವಿಜ್ಞಾನಿ ಬೀನ್ಸ್ ಕಾಳಿನ ಮೇಲೆ ಮಾಡಿದ ಪ್ರಯೋಗವನ್ನು 1903ರಲ್ಲಿ ಪ್ರಕಟಿಸಿದರು. ಒಂದೇ ಶುದ್ಧ ತಳಿಯ ದಪ್ಪ ಕಾಳು ಬಿತ್ತಿದರೂ ಸಣ್ಣ ಕಾಳು ಬಿತ್ತಿದರೂ ಮುಂದಿನ ಫಸಲಿನ ಸರಾಸರಿ ತೂಕ ಒಂದೇ. ಆ ದಪ್ಪ ನೆಲದ್ದು, ರಕ್ತದ್ದಲ್ಲ. ರಾಗಿಯೂ ಬೀನ್ಸ್‌ನಂತೆ ತನ್ನ ಹೂವಿನಲ್ಲೇ ಕಾಳು ಕಟ್ಟುವ ಬೆಳೆ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಬರೀ ದೊಡ್ಡ ತೆನೆ ಆರಿಸುತ್ತಾ ಕೂರಲಿಲ್ಲ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ರಕ್ತವನ್ನೇ ಬದಲಿಸಿದರು. ಇಂಡಾಫ್ ತಳಿಗಳು ಹುಟ್ಟಿದ್ದು ಹಾಗೆ.

ಆದ್ದರಿಂದ ಶುದ್ಧ ತಳಿಯಾದರೆ ದೊಡ್ಡ ತೆನೆ ಹುಡುಕಿ ಫಲವಿಲ್ಲ. ರೋಗವಿಲ್ಲದ, ಬೆರಕೆಯಿಲ್ಲದ ಬೀಜ ಇಡಿ. ಬೆರೆತ ನಾಟಿ ರಾಗಿಯಾದರೆ ಆರಿಸಿ, ಆದರೆ ಬದುವಿನ ಅಂಚು, ತಿಪ್ಪೆಯ ಮಗ್ಗುಲು ಬಿಡಿ. ಹೊಲದ ನಡುವೆ, ಅದೇ ಮಣ್ಣು ಅದೇ ನೀರು ಕುಡಿದ ಅಕ್ಕಪಕ್ಕದ ಗಿಡಕ್ಕಿಂತ ಮೇಲಾದದ್ದನ್ನು ಗುರುತಿಸಿ. ಒಂದೆರಡು ತೆನೆ ಸಾಲದು, ಹತ್ತಾರು ಕಡೆಯಿಂದ ತೆಗೆಯಿರಿ. ಅದೃಷ್ಟದ ತೆನೆ ಯಾವುದು, ವಂಶದ ತೆನೆ ಯಾವುದು ಅಂತ ಬೇರ್ಪಡಿಸಲು ನಮ್ಮಂಥವರಿಗೆ ಇರುವ ದಾರಿ ಇದೇ.