ಕೇಬಲ್ ಟೈ ಬಿಗಿಯುವ ಕೈಯುಪಕರಣ: ಎಷ್ಟು ಬಿಗಿದರೆ ಸಾಕು?



ಎತ್ತಿನ ಕೊರಳಿಗೆ ಜತ್ತಿಗೆ ಕಟ್ಟುವಾಗ ಎರಡು ಬೆರಳು ಆಡುವಷ್ಟು ಸಡಿಲ ಬಿಡುತ್ತೇವೆ. ಹೆಚ್ಚು ಬಿಗಿದರೆ ಕೊರಳು ಉಜ್ಜಿ ಹುಣ್ಣಾಗುತ್ತದೆ. ತೀರ ಸಡಿಲವಾದರೆ ನೊಗ ಜಾರುತ್ತದೆ. ಈ ಅಳತೆಯನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಹಿರಿಯರ ಕೈ ನೋಡಿ ನಮ್ಮ ಕೈ ಕಲಿಯಿತು. ಈಗ ಹಗ್ಗ, ಹುರಿ, ತಂತಿಗಳ ಜಾಗಕ್ಕೆ ಪ್ಲಾಸ್ಟಿಕ್ಕಿನ ಕೇಬಲ್ ಟೈ ಬಂದಿದೆ. ಅದರ ಅಳತೆ ನಮ್ಮ ಕೈಗೆ ಇನ್ನೂ ಬಂದಿಲ್ಲ. ಆದುದರಿಂದ ಈ ವಾರದ ಪಾಠವು ಆ ಪಟ್ಟಿಯನ್ನೂ, ಅದನ್ನು ಅಳತೆಗೆ ಬಿಗಿದು ಬಾಲ ಕತ್ತರಿಸುವ ಕೈಯುಪಕರಣವನ್ನೂ ಕುರಿತದ್ದು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಒಂದು ಬೇಸಗೆಯಲ್ಲಿ ಕೊಳವೆ ಬಾವಿಯ ಮೋಟರು ಎತ್ತಿಸಿ, ದುರಸ್ತಿ ಮಾಡಿಸಿ, ಮತ್ತೆ ಇಳಿಸಿದೆವು. ಕೇಬಲನ್ನು ಪೈಪಿಗೆ ಟೈಗಳಿಂದ ಕಟ್ಟಿದವರು ನಾವೇ. ಗಟ್ಟಿಯಾಗಲೆಂದು ಒಂದೊಂದು ಬಾಲವನ್ನೂ ಇಕ್ಕಳದಲ್ಲಿ ಹಿಡಿದು, ಕಾಲು ಒತ್ತುಕೊಟ್ಟು ಎಳೆದೆವು. ತಿಂಗಳು ತುಂಬುವುದರೊಳಗೆ ಮೋಟರು ನಿಂತಿತು. ಎತ್ತಿ ನೋಡಿದರೆ ಐದಾರು ಟೈಗಳು ಹರಿದಿದ್ದವು. ಸಡಿಲಾದ ಕೇಬಲು ಬಾವಿಯ ಗೋಡೆಗೆ ಉಜ್ಜಿ ಮೇಲ್ಹೊದಿಕೆ ಸವೆದಿತ್ತು. ಉಳಿದ ಟೈಗಳ ಅಡಿಯಲ್ಲಿಯೂ ಕೇಬಲಿನ ಮೈ ಕಚ್ಚಿದಂತೆ ತಗ್ಗು ಬಿದ್ದಿತ್ತು. ಅಂಬೆ ಬಹಾರದ ದಾಳಿಂಬೆ ಕಾಯಿ ಗಿಡದ ಮೇಲಿದ್ದ ಕಾಲ. ಎಂಟು ದಿನ ನೀರಿಲ್ಲದೆ ಒಣಗಿದ ತೋಟಕ್ಕೆ, ಮೋಟರು ಸರಿಯಾದೊಡನೆ, ಆಸೆಯಿಂದ ಒಮ್ಮೆಲೇ ನೀರು ಹರಿಸಿದೆವು. ಒಣಗಿದ ಸಿಪ್ಪೆ ಹಿಗ್ಗಲಿಲ್ಲ, ಒಳಗಿನ ಕಾಳು ಉಬ್ಬಿತು. ಕಾಯಿಗಳು ಬಾಯಿ ಬಿಟ್ಟವು. ಅರ್ಧ ಬೆಳೆ ಒಡಕು ಹಣ್ಣಿನ ಬೆಲೆಗೆ ಹೋಯಿತು. ಕೆಲವು ಪಟ್ಟಿಗಳನ್ನು ಅಳತೆ ತಪ್ಪಿ ಎಳೆದುದರ ಫಲವಿದು.

ಪಟ್ಟಿಯ ಗುಣ

ಕೇಬಲ್ ಟೈ ಹುಟ್ಟಿದ್ದು ವಿಮಾನಗಳ ಸಲುವಾಗಿ. ವಿಮಾನದೊಳಗಿನ ಸಾವಿರಾರು ತಂತಿಗಳನ್ನು ಮೇಣ ಸವರಿದ ಹುರಿಯಿಂದ ಗಂಟುಹಾಕಿ ಕಟ್ಟುತ್ತಿದ್ದರು. ಕೆಲಸಗಾರರ ಬೆರಳು ಕೊಯ್ದುಹೋಗುತ್ತಿದ್ದವು. ಅದನ್ನು ಕಂಡು ಅಮೆರಿಕೆಯ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮೌರಸ್ ಲೋಗನ್ ಎಂಬವರು ಈ ಪಟ್ಟಿಯನ್ನು ರೂಪಿಸಿ ೧೯೫೮ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಪಟ್ಟಿಯ ಮೈಮೇಲೆ ಗರಗಸದಂತಹ ಹಲ್ಲುಗಳಿವೆ. ತಲೆಯ ಕಿಂಡಿಯಲ್ಲಿ ಒಂದು ಸಣ್ಣ ನಾಲಿಗೆಯಿದೆ. ಬಾಲವನ್ನು ಕಿಂಡಿಯಲ್ಲಿ ಎಳೆದಂತೆ ನಾಲಿಗೆ ಒಂದೊಂದು ಹಲ್ಲನ್ನು ದಾಟುತ್ತದೆ, ಹಿಂದೆ ಬರಗೊಡುವುದಿಲ್ಲ.

ಈ ಪಟ್ಟಿ ನೈಲಾನಿನದು. ಸಾಮಾನ್ಯವಾಗಿ ೨.೫ ಮಿಲಿಮೀಟರು ಅಗಲದ ಪಟ್ಟಿ ಸುಮಾರು ೮ ಕಿಲೋ, ೩.೬ರದು ೧೮ ಕಿಲೋ, ೪.೮ರದು ೨೨ ಕಿಲೋ ಎಳೆತ ತಾಳುತ್ತದೆ. ಈಗ ಲೆಕ್ಕ ಹಾಕಿರಿ. ೨೨ ಕಿಲೋ ತಾಳುವ ಪಟ್ಟಿಯನ್ನು ನಾವು ಇಕ್ಕಳದಿಂದ ೨೦ ಕಿಲೋ ಬಲದಲ್ಲಿ ಎಳೆದೆವೆಂದುಕೊಳ್ಳೋಣ. ಮುಂದೆ ಬರುವ ಪೆಟ್ಟು ತಾಳಲು ಅದರಲ್ಲಿ ಉಳಿದದ್ದು ಎರಡೇ ಕಿಲೋ. ಮೋಟರು ಚಾಲೂ ಆದಾಗೆಲ್ಲ ಪೈಪು ಒಮ್ಮೆ ತಿರುಚಿ ಕುಲುಕುತ್ತದೆ. ಆ ಕುಲುಕಿಗೆ ಪಟ್ಟಿ ಹರಿಯುತ್ತದೆ. ಆದುದರಿಂದ ಹೆಚ್ಚು ಬಿಗಿದದ್ದು ಹೆಚ್ಚು ಗಟ್ಟಿಯೆಂಬುದು ತಪ್ಪು ತಿಳಿವಳಿಕೆ.

ಉಪಕರಣದ ಕೆಲಸ

ಸೋಲಾಪುರದಂತಹ ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಟೈ ಗನ್ ಎಂದು ಕೇಳಿದರೆ ಕೊಡುತ್ತಾರೆ. ಆಕಾರ ಪಿಸ್ತೂಲಿನದು. ಮೂತಿಯಲ್ಲಿ ಒಂದು ಸೀಳು, ಒಳಗೆ ಬಾಲ ಹಿಡಿಯುವ ಹಲ್ಲು, ಮೂತಿಯ ಹತ್ತಿರ ಚಿಕ್ಕ ಅಲಗು, ಹಿಂಬದಿಯಲ್ಲಿ ಬಿಗಿತ ಗೊತ್ತುಮಾಡುವ ತಿರುಗುಗುಂಡಿ. ಗುಂಡಿ ತಿರುಗಿಸಿದರೆ ಒಳಗಿನ ಸ್ಪ್ರಿಂಗಿನ ಒತ್ತಡ ಹೆಚ್ಚು ಕಡಿಮೆಯಾಗುತ್ತದೆ. ಹಿಡಿಯನ್ನು ಅಮುಕಿದಂತೆ ಹಲ್ಲು ಬಾಲವನ್ನು ಹಿಂದಕ್ಕೆ ಎಳೆಯುತ್ತದೆ. ಗೊತ್ತುಮಾಡಿದ ಬಿಗಿತ ಬಂದೊಡನೆ ಅಲಗು ತಾನಾಗಿ ಬಾಲವನ್ನು ಕತ್ತರಿಸುತ್ತದೆ. ಕೆಲವು ಅಗ್ಗದ ಉಪಕರಣಗಳಲ್ಲಿ ಕತ್ತರಿಸುವುದು ನಮ್ಮ ಕೈಯಲ್ಲಿಯೇ ಇರುತ್ತದೆ. ಕೊಳ್ಳುವಾಗ ಗುಂಡಿಯುಳ್ಳದ್ದನ್ನೇ ಕೇಳಿರಿ. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೂ ಸಾಕು.

ಬಳಸುವ ಕ್ರಮ

೧. ತಂತಿಗಳನ್ನು ಕಟ್ಟುವಾಗ ಸ್ಟಾರ್ಟರಿನ ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು. ಮೇನು ಬಂದುಮಾಡಿ, ಫ್ಯೂಜುಗಳನ್ನು ಕಿತ್ತು ನಿಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಿರಿ.

೨. ಪಟ್ಟಿಯನ್ನು ಸುತ್ತಿ, ಬಾಲವನ್ನು ತಲೆಯಲ್ಲಿ ತೂರಿಸಿ, ಕೈಯಿಂದ ಎಳೆದು ಕೂಡಿಸಿರಿ.

೩. ಗುಂಡಿಯನ್ನು ಕಡಿಮೆ ಅಂಕಿಯ ಕಡೆಗೆ ಇಡಿರಿ. ಮೊದಲು ಹಳೆಯ ಕೇಬಲಿನ ತುಂಡಿನ ಮೇಲೆ ಪರೀಕ್ಷಿಸಿರಿ. ಪಟ್ಟಿ ಜಾರಬಾರದು, ಕೇಬಲಿನ ಮೈಯಲ್ಲಿ ತಗ್ಗೂ ಬೀಳಬಾರದು. ಸಾಲದಿದ್ದರೆ ಒಂದೊಂದೇ ಅಂಕಿ ಏರಿಸಿರಿ. ಪಟ್ಟಿಯ ಅಗಲ ಬದಲಾದಾಗ ಈ ಪರೀಕ್ಷೆಯನ್ನು ಮತ್ತೆ ಮಾಡಿರಿ.

೪. ಬಾಲವನ್ನು ಸೀಳಿನಲ್ಲಿ ಹಾಕಿ, ಉಪಕರಣದ ಮೂತಿಯನ್ನು ಪಟ್ಟಿಯ ತಲೆಗೆ ಒತ್ತಿ, ನೆಟ್ಟಗೆ ಹಿಡಿದು ಅಮುಕಿರಿ. ಓರೆ ಹಿಡಿದರೆ ಬಾಲದ ಮೊಳೆ ಉಳಿಯುತ್ತದೆ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಮೊಳೆ ಕುಡಗೋಲಿನಷ್ಟು ಹರಿತ. ದ್ರಾಕ್ಷಿಯ ಚಪ್ಪರದಲ್ಲಿ ಕೈಯಾಡಿಸುವ ಹೆಣ್ಣುಮಕ್ಕಳ ಅಂಗೈಯನ್ನೇ ಕೇಳಿನೋಡಿರಿ. ತಲೆಯ ಸಮಕ್ಕೆ ಕತ್ತರಿಸುವುದೇ ಈ ಉಪಕರಣದ ದೊಡ್ಡ ಉಪಕಾರ.

೫. ಬಾವಿಯ ಕೇಬಲಿಗೆ ಹತ್ತು ಅಡಿಯ ಪ್ರತಿ ಪೈಪಿನ ಕೂಡಿಕೆಯ ಮೇಲೊಂದು, ಕೆಳಗೊಂದು ಟೈ ಹಾಕಿರಿ. ನಡುವೆ ಕೇಬಲು ಜೋತುಬೀಳದಿರಲಿ, ಹುರಿಗಟ್ಟಿದಂತೆಯೂ ಇರದಿರಲಿ. ಮೋಟರಿನ ಭಾರ ಹೊರುವುದು ಪೈಪು ಮತ್ತು ಹಗ್ಗದ ಕೆಲಸ; ಟೈ ಮೇಲೆ ಆ ಭಾರ ಹಾಕಬಾರದು.

ಮರೆಯಬಾರದ ಮಾತುಗಳು

ಬಿಸಿಲಿಗೆ ಬೀಳುವ ಕಡೆ ಕಪ್ಪು ಪಟ್ಟಿಯನ್ನು ಹಾಕಿರಿ. ಬಿಸಿಲು ತಾಳುವಂಥದೇ ಎಂದು ಕೇಳಿ ಕೊಳ್ಳಿರಿ. ಅದರಲ್ಲಿ ಸೇರಿಸಿದ ಇಂಗಾಲದ ಕಪ್ಪು ಬಿಸಿಲನ್ನು ತಡೆಯುತ್ತದೆ. ಬಿಳಿ ಪಟ್ಟಿ ಬಿಸಿಲಿನಲ್ಲಿ ಪೆಡಸಾಗಿ ಪಟ್ಟನೆ ಮುರಿಯುತ್ತದೆ. ನೈಲಾನು ಗಾಳಿಯ ತೇವ ಹೀರಿ ಮೆತುವಾಗಿರುವ ವಸ್ತು. ಒಣಗಿದರೆ ಮುರಿಯುವ ಗುಣ ಬರುತ್ತದೆ. ಆದುದರಿಂದ ಪೊಟ್ಟಣವನ್ನು ಬಾಯಿ ಕಟ್ಟಿ ನೆರಳಿನಲ್ಲಿಡಿರಿ. ಅದರ ಮೇಲಿನ ಬರಹ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಅಗಲ ಮತ್ತು ತಾಳುವ ಭಾರವನ್ನು ಓದಿಸಿ, ಕನ್ನಡದಲ್ಲಿ ಬರೆದು ಅಂಟಿಸಿರಿ. ಅವರಿಗೂ ಒಂದು ಪಾಠವಾದೀತು.

ಕತ್ತರಿಸಿ ಬಿದ್ದ ಬಾಲಗಳನ್ನು ಆರಿಸಿ ಡಬ್ಬಿಗೆ ಹಾಕಿರಿ. ಅವು ಮಣ್ಣಿನಲ್ಲಿ ಕೊಳೆಯುವುದಿಲ್ಲ; ಕಣಿಕೆಯೊಡನೆ ದನದ ಹೊಟ್ಟೆಗೆ ಹೋದರೆ ಕರಗುವುದೂ ಇಲ್ಲ.

ಕೊನೆಯದಾಗಿ, ಜೀವವಿರುವ ಕಾಂಡಕ್ಕೆ ಈ ಪಟ್ಟಿಯನ್ನು ಎಂದೂ ಬಿಗಿಯಬೇಡಿರಿ. ತಂತಿಗೆ ಕಟ್ಟಿದ ಹಾಗೆ ಗಿಡಕ್ಕೂ ಕಟ್ಟುವವರನ್ನು ಕಂಡಿದ್ದೇವೆ. ತಂತಿ ಬೆಳೆಯುವುದಿಲ್ಲ, ಗಿಡ ಬೆಳೆಯುತ್ತದೆ. ಪಟ್ಟಿಯ ನಾಲಿಗೆ ಮಾತ್ರ ಒಂದು ಹಲ್ಲೂ ಹಿಂದೆ ಸರಿಯುವುದಿಲ್ಲ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯಬೇಕು. ಪಟ್ಟಿ ತೊಗಟೆಯನ್ನು ಕೊರೆದು ಆ ದಾರಿ ಮುಚ್ಚಿದರೆ ಬೇರು ಹಸಿಯುತ್ತದೆ, ಗಿಡ ನಿಂತಲ್ಲೇ ಒಣಗುತ್ತದೆ. ಗಿಡಕ್ಕೆ ಸೆಣಬಿನ ಹುರಿ ಅಥವಾ ಹಳೆಯ ಬಟ್ಟೆಯ ಚಿಂದಿಯನ್ನು ಎಂಟರ ಅಂಕಿಯಂತೆ ಸಡಿಲಾಗಿ ಸುತ್ತಿದರೆ ಸಾಕು.

ಈ ವಾರದ ಅಭ್ಯಾಸವಿಷ್ಟು: ನಿಮ್ಮ ತೋಟವನ್ನು ಒಂದು ಸುತ್ತು ತಿರುಗಿರಿ. ಗಿಡಕ್ಕೆ ಬಿಗಿದ ಪಟ್ಟಿ ಕಂಡಲ್ಲಿ ಇಂದೇ ಕತ್ತರಿಸಿರಿ. ಮೋಟರು ಎತ್ತುವ ಪ್ರಸಂಗ ಬಂದಾಗ ಕೇಬಲಿನ ಒಂದೊಂದು ಕಟ್ಟನ್ನೂ ಬೆರಳಾಡಿಸಿ ನೋಡಿರಿ. ಎತ್ತಿನ ಕೊರಳಿಗೆ ತೋರುವ ಕರುಣೆಯನ್ನು ಕೇಬಲಿಗೂ ತೋರಿದರೆ ಬೇಸಗೆಯಲ್ಲಿ ನೀರು ನಿಲ್ಲದು.